ಹೊಟ್ಟೆ ನೋಡಿ ಜಾಗ ಹೇಳುವವಳು

ಬಂದರಿನ ಮೀನು ಕತ್ತರಿಸುವ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕತ್ತಿಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಕತ್ತಿ ಹಿಡಿದು ಮೂವತ್ತು ವರ್ಷವಾಗಿತ್ತು. ಸಮುದ್ರದ ಬಂಡೆಗಳ ಸುತ್ತ ಮೇಯುವ ಬಂಡೆಮೀನಿನ ಹೊಟ್ಟೆ ಸೀಳಿದ ಕೂಡಲೇ ಒಳಗೇನಿದೆ ನೋಡಬೇಕೆಂದು ಮೊದಲ ವರ್ಷವೇ ತಾಯಿ ಕಲಿಸಿದ್ದಳು. ಕಪ್ಪು ಶಂಖದ ಚೂರಿದ್ದರೆ ಉತ್ತರದ ಬಂಡೆಯದು, ಬಿಳಿ ಏಡಿಯ ಕಾಲಿದ್ದರೆ ದಕ್ಷಿಣದ್ದು, ಸೀಗಡಿಯಿದ್ದರೆ ನಡುಬಂಡೆಯದು. ಮೀನು ಸತ್ತ ಮೇಲೂ ನಿಜ ಹೇಳುತ್ತದೆ. ದೋಣಿಯವರು ಬದುಕಿದ್ದಾಗಲೂ ಹೇಳುವುದಿಲ್ಲ. ಎಲ್ಲಿ ಹಿಡಿದೆ ಎಂದು ಕೇಳಿದರೆ ಕಟ್ಟಿಕೊಂಡ ಹೆಂಡತಿಗೂ ಸುಳ್ಳು ಹೇಳುವ ಜನ ಅವರು. ಬಾಯಿಬಿಟ್ಟರೆ ಮರುದಿನವೇ ಅಲ್ಲಿ ಹತ್ತು ದೋಣಿ ಹಾಜರಾಗುತ್ತವಲ್ಲ!

ಇದು ಗೊತ್ತಿಲ್ಲದೆ ಇದ್ದದ್ದು ಮೀನುಗಳನ್ನು ಪರೀಕ್ಷಿಸಲು ಬರುತ್ತಿದ್ದ ಮೇಡಂ ಒಬ್ಬರಿಗೇ. ಬಂಡೆಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದುದರಿಂದ ಅವರು ಎರಡು ವರ್ಷ ಶೆಡ್ಡಿಗೆ ಎಡತಾಕಿದ್ದರು. ಪ್ರತಿ ಮೀನಿನ ರೆಕ್ಕೆಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಸ್ಪಿರಿಟ್ ತುಂಬಿದ ಪುಟ್ಟ ಟ್ಯೂಬಿಗೆ ಹಾಕಿ, ಹಿಡಿದ ಜಾಗವನ್ನು ಮೇಲೆ ಬರೆಯುವ ಕೆಲಸ ಕತ್ತಿಯಕ್ಕನದು. ಒಂದು ಬಂಡೆಯ ಮೀನು ಇನ್ನೊಂದು ಬಂಡೆಯದರ ಜೊತೆ ಬೆರೆತು ವಂಶ ಬೆಳೆಸುತ್ತದೋ ಅಥವಾ ತನ್ನ ಪಾಡಿಗೆ ತಾನಿರುತ್ತದೋ ಎಂಬುದು ಆ ಚೂರಿನಿಂದಲೇ ತಿಳಿಯುತ್ತದಂತೆ. ದೋಣಿ ನಡೆಸುವ ಅವಳ ಅಣ್ಣ ಉತ್ತರದ ಬಂಡೆ ಎಂದ, ಬರೆದಳು. ಕೆಮ್ಮಿನ ತಾತ ದಕ್ಷಿಣದ್ದು ಎಂದ, ಅದನ್ನೂ ಬರೆದಳು. ಹಸಿರು ದೋಣಿಯವನು ನಡುಬಂಡೆ ಎಂದದ್ದನ್ನೂ ಬರೆದಳು. ಮೂವರ ಮೀನಿನ ಹೊಟ್ಟೆಯಲ್ಲೂ ಇದ್ದದ್ದು ಆ ಮೂರೂ ಬಂಡೆಗಳಲ್ಲಿ ಸಿಗದ ಒಂದೇ ಕೆಂಪು ಚಿಪ್ಪಿನ ಪುಡಿ. ಒಬ್ಬರ ಮೀನಿನ ಹೊಟ್ಟೆಯ ಗುಟ್ಟನ್ನು ಇನ್ನೊಬ್ಬರಿಗೆ ದಾಟಿಸಿದವಳಿಗೆ ಶೆಡ್ಡಿನಲ್ಲಿ ಜಾಗವಿಲ್ಲ. ಅದಕ್ಕೇ ಅವಳು ತುಟಿಪಿಟಕ್ ಎನ್ನಲಿಲ್ಲ.

ಫಲಿತಾಂಶ ಹೇಳುವ ದಿನ ಬೆಳಿಗ್ಗೆ ಮಾತ್ರ ತಡೆಯಲಾರದೆ ಅಣ್ಣನ ಬಳಿ ಹೋದಳು. ಅಪ್ಪ ಹೋದ ಮೇಲೆ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವನು ಅವನೇ.

"ಅಣ್ಣ, ನೀನು ಬರೆಸಿದ್ದು ಸುಳ್ಳು ಅಂತ ಮೇಡಂಗೆ ಹೇಳಿಬಿಡು."

"ನಿನಗೇನು ತಲೆ ಕೆಟ್ಟಿದೆಯಾ? ಇಡೀ ಸಮುದ್ರದಲ್ಲಿ ನನಗೊಬ್ಬನಿಗೇ ಗೊತ್ತಿರೋ ಜಾಗ ಅದು. ಹೊರಗೆ ಬಿತ್ತೋ, ನೀನು ನನ್ನ ತಂಗಿಯೇ ಅಲ್ಲ."

ಅವನೊಬ್ಬನಿಗೇ! ಅವಳಿಗೆ ನಗು ಬರಬೇಕಿತ್ತು, ಭಯ ಬಂತು.

ಮಧ್ಯಾಹ್ನ ಮೀನುಗಾರರ ಸಂಘದ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೀನುಗಾರಿಕೆ ಇಲಾಖೆಯ ಸಾಹೇಬರು ಆದೇಶದ ಹಾಳೆಯನ್ನು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದರು. ಮೇಡಂ ಎದ್ದು ನಿಂತರು.

"ಮೂರೂ ಬಂಡೆಯ ಮೀನು ಒಂದೇ ವಂಶ. ಒಂದು ಕಡೆ ಖಾಲಿಯಾದರೂ ಉಳಿದೆರಡು ಕಡೆಯಿಂದ ಬಂದು ತುಂಬಿಕೊಳ್ಳುತ್ತೆ. ಮೊಟ್ಟೆ ಇಡೋ ಕಾಲದಲ್ಲೂ ಮೀನುಗಾರಿಕೆ ನಿಲ್ಲಿಸಬೇಕಾಗಿಲ್ಲ."

ಹಾಲ್ ತುಂಬ ಚಪ್ಪಾಳೆ ಬಿತ್ತು. ಅಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ. ಸಾಹೇಬರು ಅನುಮತಿಯ ಆದೇಶಕ್ಕೆ ಸಹಿ ಹಾಕಲು ಹಾಳೆಯ ಮೇಲೆ ಬಾಗಿದರು. ಮೊಟ್ಟೆ ತುಂಬಿದ ಮೀನನ್ನು ಕಳೆದ ವಾರವೇ ಕತ್ತಿಯಕ್ಕ ಬುಟ್ಟಿಗಟ್ಟಲೆ ಸೀಳಿದ್ದಳು, ಎಲ್ಲದರಲ್ಲೂ ಅದೇ ಕೆಂಪು ಪುಡಿ. ಸುಮ್ಮನಿದ್ದರೆ ಅಣ್ಣ ಉಳಿಯುತ್ತಾನೆ, ಮೀನು ಉಳಿಯುವುದಿಲ್ಲ. ಅವಳು ಎದ್ದಳು.

"ಸಾಹೇಬ್ರೇ, ಸ್ವಲ್ಪ ತಡೀರಿ. ಟ್ಯೂಬಿನ ಮೇಲೆ ನಾನು ಬರೆದಿದ್ದೆಲ್ಲ ಸುಳ್ಳು."

"ಕೂತ್ಕೊಳ್ಳೇ!" ಅಣ್ಣ ಅವಳ ಸೆರಗನ್ನೇ ಹಿಡಿದೆಳೆದ.

ಅವಳು ಕೂರಲಿಲ್ಲ. ಮೀನಿನ ಹೊಟ್ಟೆಯ ವಿಷಯವನ್ನೆಲ್ಲ ಹೇಳಿದಳು. "ಆ ಜಾಗ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ. ಆದರೆ ಮೂರು ದೋಣಿಯ ಮೀನು ಮೇಯ್ದಿರೋದು ಒಂದೇ ಕಡೆ."

"ಬೊಗಳೆ!" ಎಂದ ಹಸಿರು ದೋಣಿಯವನು. ಕೆಮ್ಮಿನ ತಾತ ಮಾತ್ರ ಕೆಮ್ಮುವುದನ್ನೂ ಮರೆತು ಅಣ್ಣನನ್ನೇ ದಿಟ್ಟಿಸಿದ.

ಮೇಡಂ ಮೂವರಿಗೂ ಒಂದೊಂದು ಚೀಟಿ ಕೊಟ್ಟು, "ನಿಜವಾದ ಜಾಗ ಬರೆದು ಮಡಚಿ ಕೊಡಿ. ನಾನು ಜೋರಾಗಿ ಓದಲ್ಲ," ಎಂದರು. ಅಣ್ಣ ತುಂಬ ಹೊತ್ತು ಪೆನ್ನು ಹಿಡಿದುಕೊಂಡೇ ಇದ್ದ. ಕೊನೆಗೆ ಅಂಗೈ ಮರೆಮಾಡಿಕೊಂಡು ಬರೆದ.

ಮೇಡಂ ಒಂದನ್ನು ಬಿಚ್ಚಿದರು. ಎರಡನೆಯದನ್ನು ಬಿಚ್ಚಿದರು. ಮೂರನೆಯದನ್ನು ನೋಡಿದವರೇ ಮೂರನ್ನೂ ಒಂದರ ಪಕ್ಕ ಒಂದಿಟ್ಟರು; ಮೂರರಲ್ಲೂ ಒಂದೇ ಜಾಗ.

"ನೀವು ಯಾವ ಹೊತ್ತಿಗೆ ಹೋಗ್ತೀರಿ?" ಎಂದು ಅಣ್ಣನನ್ನು ಕೇಳಿದರು.

"ಬೆಳಕು ಹರಿಯೋಕೆ ಮುಂಚೆ."

"ನಾನು ಮಧ್ಯಾಹ್ನ," ಎಂದ ತಾತ ಮೆಲ್ಲಗೆ.

ಹಸಿರು ದೋಣಿಯವನು ತಲೆ ತಗ್ಗಿಸಿದ. "ಸಂಜೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಗಳವಾಗುತ್ತದೆಂದು ಹತ್ತಿರ ಕೂತವರು ಎದ್ದು ನಿಂತರು.

"ಹಾಗಾದರೆ ಉತ್ತರದ ಬಂಡೆ?" ಮೇಡಂ ಕೇಳಿದರು.

"ಅಲ್ಲಿ ಮೀನೆಲ್ಲಿದೆ ಮೇಡಂ?" ಎಂದ ಅಣ್ಣ. "ನಾಲ್ಕು ವರ್ಷದಿಂದ ಒಂದೂ ಕಚ್ಚಿಲ್ಲ."

"ದಕ್ಷಿಣದ್ದೂ ಅಷ್ಟೇ," ಎಂದ ತಾತ. ನಡುಬಂಡೆಯ ಬಗ್ಗೆ ಹಸಿರು ದೋಣಿಯವನು ಬರೀ ತಲೆಯಾಡಿಸಿದ. ಬಂದು ತುಂಬಿಕೊಳ್ಳಲು ಬೇರೆಲ್ಲೂ ಮೀನೇ ಉಳಿದಿಲ್ಲ ಎಂಬುದು ಇಡೀ ಹಾಲ್‌ಗೆ ಆಗ ಅರ್ಥವಾಯಿತು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

"ಆ ಜಾಗ ಬಂದ್ ಮಾಡಿಸಿ," ಎಂದು ಅಣ್ಣನೇ ಹೇಳಿ ಹೊರಗೆ ನಡೆದ.

ಕತ್ತಿಯಕ್ಕ ಹೊರಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಬೈಯುತ್ತಾನೆಂದು ಅವಳು ದೂರವೇ ನಿಂತಳು. ಅವನು ತಲೆಯೆತ್ತಲಿಲ್ಲ.

"ನಾಳೆಯಿಂದ ಏನು ಕತ್ತರಿಸ್ತೀಯಾ?"

"ಗೊತ್ತಿಲ್ಲ ಅಣ್ಣ."

"ಏನು ಹಿಡಿಯೋದು ಅಂತ ನನಗೂ ಗೊತ್ತಿಲ್ಲ," ಎಂದ ಅವನು. "ಬಾ, ಕೂತ್ಕೋ."