ಕಟ್ಟದ ಮನೆಗಳ ಕಂಬಗಾರ

ನವೆಂಬರ್ ತಿಂಗಳ ಒಂದು ಗುರುವಾರ ಬೆಳಗ್ಗೆ ರೈನ್ ನದಿಯ ಕಣಿವೆ ತುಂಬ ಮಂಜು. ಗಾಳಿಯ ಸುಳಿವಿಲ್ಲ. ಗಡಿಗೆಯಲ್ಲಿ ಹೆಪ್ಪಾದ ಮೊಸರಿನ ಹಾಗೆ ಮಂಜು ಅಲುಗದೆ, ಮಟ್ಟಸವಾಗಿ ಕೂತಿದೆ. ಬುಖ್‌ಹಾಲ್ಡೆ ಊರಿನ ಮನೆಗಳೆಲ್ಲ ಅದರಡಿ ಮುಳುಗಿವೆ. ಮೇಲೆ ಉಳಿದಿರುವುದು ಸಂತ ವೆಂಡೆಲಿನ್‌ನ ಪುಟ್ಟ ಇಗರ್ಜಿ, ಇಳಿಜಾರಿನ ಎಲೆಯುದುರಿದ ಚೆರ್ರಿ ಮರಗಳು, ಅವುಗಳ ನಡುವೆ ಆಕಾಶಕ್ಕೆ ನೆಟ್ಟ ಉದ್ದುದ್ದ ಕಂಬಗಳು.

ಕಂಬಗಳ ಬುಡದಲ್ಲಿ ಯೋಸ್ಟ್ ಲಾಯ್ಬಿನ್ ಮೊಣಕಾಲೂರಿ ಕೂತಿದ್ದಾರೆ. ಅರವತ್ತೆರಡರ ಪ್ರಾಯ, ಕೈಗವಸಿನ ಬೆರಳುಗಳು ಸವೆದು ತೂತಾಗಿವೆ. ಕಂಬವನ್ನು ಎಳೆದು ಕಟ್ಟಿದ ತಂತಿಗೆ ಕೈ ಹಾಕುವ ಮುನ್ನ ಹಣೆ, ಎದೆ, ಎರಡು ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಿ ನೋಡುತ್ತಾರೆ. ಸಡಿಲವಾದದ್ದನ್ನು ಬಿಗಿಯುತ್ತಾರೆ. ಹೆಂಡತಿ ಅಗಾತೆ ಕಂಬ ಹಿಡಿದು ನಿಂತಿರುತ್ತಾಳೆ. ಮೂವತ್ತು ವರ್ಷದಿಂದ ಇವರಿಬ್ಬರದೇ ಜೋಡಿ.

ಈ ಸೀಮೆಯಲ್ಲಿ ಮನೆ ಕಟ್ಟುವವರು ಒಪ್ಪಿಗೆಗೆ ಮೊದಲು ಅದರ ಎತ್ತರ, ಅಗಲ, ಚಾವಣಿಯ ಇಳಿಜಾರನ್ನು ಕಂಬ ನೆಟ್ಟು, ತುದಿಗೆ ಪಟ್ಟಿ ಕಟ್ಟಿ ಊರಿಗೆ ತೋರಿಸಬೇಕು. ಅದು ಯೋಸ್ಟ್ ಅವರ ಕಸುಬು. "ಮೇಸ್ತ್ರಿ ಕಟ್ಟಿದ ಮನೆ ನೂರು ವರ್ಷ ನಿಲ್ತದೆ. ನಾನು ಕಟ್ಟಿದ್ದು ಎರಡು ತಿಂಗಳು. ಆದ್ರೆ ಊರಿನ ಜಗಳ ಎಲ್ಲಾ ನಡೆಯೋದು ನನ್ನ ಮನೆಯೊಳಗೇ," ಎಂದು ನಗುತ್ತಾರೆ.

ನಗುವಷ್ಟು ಹಗುರವಲ್ಲ ಕೆಲಸ. ಚಳಿಗಾಲದಲ್ಲಿ ಅಲ್ಯುಮಿನಿಯಂ ಕಂಬ ಅಂಗೈಗೆ ಅಂಟಿಕೊಳ್ಳುತ್ತದೆ. ಹಸು ತಂತಿಗೆ ಸಿಕ್ಕಿಬಿದ್ದರೆ ರೈತ ಬೈಯುವುದು ಇವರನ್ನೇ. ಅಡುಗೆಮನೆಯ ಕಿಟಕಿಗೆ ಬಿಸಿಲು ತಪ್ಪುತ್ತದೆಂದು ವಿಧವೆಯೊಬ್ಬಳು ಕಂಬ ತಬ್ಬಿ ಅತ್ತದ್ದನ್ನು ಅವರು ಮರೆತಿಲ್ಲ. ಕೋಳಿ ಸಾಕುವವನೊಬ್ಬ, ನಿಜವಾದ ಕೊಟ್ಟಿಗೆ ಆಮೇಲೆ ಎತ್ತರ ಆಗಲಿ, ಕಂಬ ಮಾತ್ರ ಗಿಡ್ಡ ಇರಲಿ ಎಂದು ಮೊಟ್ಟೆ ಬುಟ್ಟಿ ಹಿಡಿದು ಬಂದಿದ್ದನಂತೆ. ಮೊಟ್ಟೆ ವಾಪಸಾಯಿತು, ಕಂಬ ಇದ್ದಷ್ಟೇ ಇತ್ತು. ಹೊಸದಾಗಿ ಮದುವೆಯಾದ ಜೋಡಿಗಳು ಕಂಬಗಳ ನಡುವೆ ನಿಂತು ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತ, ಇದು ನಡುಮನೆ, ಇದು ತೊಟ್ಟಿಲ ಜಾಗ ಎಂದು ಬೆರಳು ತೋರಿಸುವುದನ್ನು ಕಂಡರೆ ಯೋಸ್ಟ್ ದೂರದಲ್ಲೇ ನಿಂತುಬಿಡುತ್ತಾರೆ. ಆ ಹೊತ್ತಿನಲ್ಲಿ ಹತ್ತಿರ ಹೋಗುವುದು ಪ್ರಾರ್ಥನೆಯ ನಡುವೆ ಬಾಗಿಲು ತಟ್ಟಿದ ಹಾಗೆ ಅನ್ನುತ್ತಾರೆ.

ಈಗಿನ ಕಂಬಗಳು ಅವರ ಸ್ವಂತ ಊರಿನವು. ಇಗರ್ಜಿಯ ಕೆಳಗಿನ ಚೆರ್ರಿ ತೋಪಿನಲ್ಲಿ ನಾಲ್ಕು ವಸತಿ ಕಟ್ಟಡ ಬರಬೇಕೆಂದಿದೆ. ಊರಸಭೆಯಲ್ಲಿ ಕೈಯೆತ್ತಿ ಒಪ್ಪಿಗೆಯಾಯಿತು. ಆದರೆ ಒಂದು ತಿಂಗಳೊಳಗೆ ಮತದಾರರಲ್ಲಿ ಹತ್ತನೇ ಒಂದು ಪಾಲು ಜನ ಸಹಿ ಹಾಕಿದರೆ, ಇಡೀ ಊರು ಮತಚೀಟಿ ಹಾಕಿ ಮತ್ತೆ ತೀರ್ಮಾನಿಸಬೇಕು. ಸಹಿ ಸಂಗ್ರಹಕ್ಕೆ ನಿಂತವರು ಚೆರ್ರಿ ಬೆಳೆಗಾರ ಕ್ಲೆಮೆನ್ಸ್ ಡೈಸ್. ಚಿಕ್ಕಂದಿನಲ್ಲಿ ಯೋಸ್ಟ್ ಅವರ ಜೊತೆಗೇ ಮೊದಲ ಪರಮಪ್ರಸಾದ ಸ್ವೀಕರಿಸಿದವರು, ಇಂದಿಗೂ ಇಗರ್ಜಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು.

ಯೋಸ್ಟ್ ಸಹಿ ಹಾಕಿದ್ದಾರೆ. ಅಗಾತೆ ಹಾಕಿಲ್ಲ. ಆಕೆಯ ಮಂಡಿ ಸವೆದಿದೆ, ಹೊಸ ಕಟ್ಟಡದಲ್ಲಿ ಲಿಫ್ಟ್ ಇರುತ್ತದೆ. "ಒಂದೇ ಒಲೆಯ ಮುಂದೆ ಎರಡು ಪಕ್ಷ. ಸೂಪು ಮಾತ್ರ ಒಂದೇ," ಎನ್ನುತ್ತಾಳೆ.

ಆ ಬೆಳಗ್ಗೆ ತಂತಿ ಬಿಗಿಯುತ್ತಿದ್ದ ಯೋಸ್ಟ್ ತಲೆ ಎತ್ತುತ್ತಾರೆ. ಮಂಜಿನ ಮಟ್ಟ ಎರಡನೇ ಕಟ್ಟಡದ ತುದಿಪಟ್ಟಿಯನ್ನು ಸರಿಯಾಗಿ ಮುಟ್ಟಿ ನಿಂತಿದೆ. ಇಳಿಜಾರಿನಲ್ಲಿ ಅದಕ್ಕಿಂತ ಮೇಲಿರುವ ಮೊದಲ ಕಟ್ಟಡ ಅಲ್ಲಿಂದ ಒಂದಂತಸ್ತು ಎತ್ತರ ಕಾಣಬೇಕು. ಎರಡಂತಸ್ತು ಕಾಣುತ್ತಿದೆ. ಅವರು ಕಣ್ಣುಜ್ಜಿಕೊಳ್ಳುತ್ತಾರೆ. ಮಂಜು ಅಲುಗುವುದಿಲ್ಲ.

ಬುಡಕ್ಕೆ ಹೋಗಿ ಹುಲ್ಲು ಸರಿಸುತ್ತಾರೆ. ಅಳತೆಯವರು ಅಲ್ಲಿ ಎರಡು ಗೂಟ ಹೊಡೆದಿದ್ದರು, ಮಣ್ಣು ತಡೆಯಲು ಕಟ್ಟಿದ, ಒಂದಂತಸ್ತಿನಷ್ಟು ಎತ್ತರದ ಕಲ್ಲುಗೋಡೆಯ ಮೇಲೊಂದು, ಕೆಳಗೊಂದು. ಎತ್ತರ ಅಳೆಯಬೇಕಾದದ್ದು ಕೆಳಗಿನದರಿಂದ. ಕಂಬ ನೆಟ್ಟ ದಿನ ಮಳೆ, ಕೊಯ್ದ ಹುಲ್ಲಿನ ರಾಶಿಯಲ್ಲಿ ಕೆಳಗಿನ ಗೂಟ ಮುಚ್ಚಿಹೋಗಿತ್ತು. ಕಂಡದ್ದು ಮೇಲಿನದು. ಯೋಸ್ಟ್ ಅದರಿಂದಲೇ ಅಳೆದಿದ್ದಾರೆ.

ಇಗರ್ಜಿಯ ಮುಂದಿನ ಕಟ್ಟೆಯಲ್ಲಿ ಕೂತರೆ ರೈನ್ ನದಿ ಕಾಣುವುದಿಲ್ಲ, ಕಟ್ಟಡ ಅಡ್ಡ ಬರುತ್ತದೆ ಎಂದೇ ಊರಿನ ಬಹಳ ಜನ ಸಹಿ ಹಾಕಿದ್ದರು. ಅಡ್ಡ ಬಂದಿದ್ದದ್ದು ಯೋಸ್ಟ್ ಅವರ ತಪ್ಪು.

ಅಗಾತೆ ಕಂಬ ಬಿಟ್ಟು ಬಂದು ಎರಡು ಗೂಟವನ್ನೂ ನೋಡಿದಳು. ಆಮೇಲೆ, "ಸುಮ್ನೆ ಇಳಿಸ್ಬಿಡಣ. ಯಾರಿಗ್ ಗೊತ್ತಾಗುತ್ತೆ?" ಅಂದಳು.

"ಇಳಿಸಣ," ಅಂದರು ಯೋಸ್ಟ್. "ಸುಮ್ನೆ ಇರಕ್ಕಾಗಲ್ಲ."

ಅದೇ ಸಂಜೆ ಶಾಲೆಯ ವ್ಯಾಯಾಮ ಮಂದಿರದಲ್ಲಿ ಚರ್ಚಾಸಭೆ. ಕುರ್ಚಿ ಸಾಲದೆ ಜನ ಗೋಡೆಗೆ ಬಿಗಿದ ಕಸರತ್ತಿನ ಏಣಿಗಳಿಗೆ ಒರಗಿ ನಿಂತಿದ್ದರು. ಊರಿನ ಅಧ್ಯಕ್ಷೆ ಹೆಡ್ವಿಗ್ ಓಬ್ರಿಸ್ಟ್ ಶಾಲೆಗೆ ಮಕ್ಕಳಿಲ್ಲ, ಇಲ್ಲಿ ಹುಟ್ಟಿದವರಿಗೇ ಬಾಡಿಗೆ ಮನೆ ಸಿಗುತ್ತಿಲ್ಲ, ಮುದುಕರು ಮೆಟ್ಟಿಲಿಗೆ ಹೆದರಿ ಊರು ಬಿಡುತ್ತಿದ್ದಾರೆ ಎಂದರು. ಕ್ಲೆಮೆನ್ಸ್ ಎದ್ದು, ನಾವು ಬೇಡ ಎನ್ನುತ್ತಿಲ್ಲ, ಎಲ್ಲರನ್ನೂ ಕೇಳಿ ಎನ್ನುತ್ತಿದ್ದೇವೆ ಎಂದರು. ಅನುಮಾನ ಇದ್ದವರು ಇಗರ್ಜಿ ಕಟ್ಟೆಗೆ ಹೋಗಿ ನೋಡಲಿ ಎಂದೂ ಹೇಳಿದರು. "ಕಾಗದ ಸುಳ್ಳು ಹೇಳಬಹುದು. ಯೋಸ್ಟ್ ನೆಟ್ಟ ಕಂಬ ಹೇಳಲ್ಲ."

ಯೋಸ್ಟ್ ಟೋಪಿ ಕೈಯಲ್ಲಿ ಹಿಡಿದು ಎದ್ದರು.

"ಹೇಳ್ತು ಕಣೋ ಕ್ಲೆಮೆನ್ಸ್. ಈ ಸಲ ಹೇಳ್ತು. ಮೇಲಿನ್ ಕಟ್ಟಡಾನ ಒಂದಂತಸ್ತು ಜಾಸ್ತಿ ತೋರ್ಸಿದ್ದೆ. ತಪ್ಪು ಗೂಟದಿಂದ ಅಳೆದೆ. ಇವತ್ ಬೆಳಗ್ಗೆ ಇಳಿಸಿದೀನಿ. ನದಿ ಕಾಣುತ್ತೆ, ಹೋಗಿ ನೋಡಿ."

ಹಿಂದಿನಿಂದ ಯಾರೋ, ಬಿಲ್ಡರ್ ಎಷ್ಟು ಕೊಟ್ಟ ಅಂದ. ಪಕ್ಕದವನು, ಕೊಟ್ಟಿದ್ದರೆ ಮೊದಲೇ ಗಿಡ್ಡಕ್ಕೆ ನೆಡುತ್ತಿದ್ದ ಕಣಯ್ಯಾ ಅಂದ. ನಾಲ್ಕು ಜನ ನಕ್ಕರು. ಕ್ಲೆಮೆನ್ಸ್ ನಗಲಿಲ್ಲ.

"ನಿನ್ನ ಕಂಬ ನಂಬ್ಕೊಂಡು ಮನೆ ಮನೆ ಬಾಗ್ಲು ತಟ್ಟಿದೀನಿ," ಅಂದರು. "ನನ್ನನ್ನ ಸುಳ್ಳುಗಾರನ್ ಮಾಡ್ಬಿಟ್ಯಲ್ಲೋ." ಸಹಿಯ ಹಾಳೆಗಳನ್ನು ಕಂಕುಳಿಗೆ ಸೇರಿಸಿ ಹೊರಗೆ ನಡೆದುಬಿಟ್ಟರು.

ಕಚೇರಿಯಲ್ಲಿಟ್ಟ ನಕ್ಷೆ ಸರಿಯಾಗೇ ಇತ್ತು, ಆದ್ದರಿಂದ ಕಾನೂನಿನ ಲೆಕ್ಕಕ್ಕೆ ಸಹಿಗಳಿಗೇನೂ ಕುಂದಿಲ್ಲ ಎಂದು ಹೆಡ್ವಿಗ್ ಹೇಳಿದರು. ಅದು ಕಾನೂನಿನ ಲೆಕ್ಕ. ಯೋಸ್ಟ್ ಅವರದು ಬೇರೆ. ಮರುದಿನವೇ ಪಕ್ಕದ ಊರಿನ ವಾಸ್ತುಶಿಲ್ಪಿಯೊಬ್ಬರು ಫೋನ್ ಮಾಡಿ, ಮುಂದಿನ ವಾರದ ಕೆಲಸ ಬೇರೆಯವರಿಗೆ ಕೊಟ್ಟಿದ್ದೇವೆ ಎಂದರು. ಇಂಥ ಕಸುಬಿನವನಿಗೆ ಇರುವ ಆಸ್ತಿ ಒಂದೇ. ಅವನು ನೆಟ್ಟದ್ದನ್ನು ಎರಡು ಪಕ್ಷದವರೂ ಒಪ್ಪಿ, ಆಮೇಲೆ ಜಗಳಕ್ಕೆ ಕೂರುವುದು. ಆ ಆಸ್ತಿ ಕೈಬಿಟ್ಟಿತೆಂದು ಯೋಸ್ಟ್ ಅಂದುಕೊಂಡರು. ಭಾನುವಾರ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ ಇತ್ತು. ಕ್ಲೆಮೆನ್ಸ್ ಎದುರು ಸಾಲಿನಲ್ಲಿ ಕೂತಿದ್ದರು.

ಆ ವಾರ ಕ್ಲೆಮೆನ್ಸ್ ಮತ್ತೆ ಮನೆ ಮನೆ ಸುತ್ತುತ್ತಿದ್ದಾರೆಂಬ ಸುದ್ದಿಯನ್ನು ಅಗಾತೆ ಬ್ರೆಡ್ ಅಂಗಡಿಯಿಂದ ತಂದಳು. ಹೊಸ ಸಹಿಗಲ್ಲ. ಹಾಕಿದವರ ಮುಂದೆ ಅದೇ ಹಾಳೆ ಇಟ್ಟು, ನೀವು ಸಹಿ ಹಾಕಿದಾಗ ಕಂಬ ಎತ್ತರ ಇತ್ತು, ಈಗ ಇಳಿದಿದೆ, ಹೋಗಿ ನೋಡಿ, ಮನಸ್ಸು ಬದಲಾದರೆ ಹೆಸರು ಹೊಡೆದುಹಾಕಿ ಎನ್ನುತ್ತಿದ್ದಾರಂತೆ. ಹೊಡೆದುಹಾಕಿದವರೂ ಇದ್ದಾರಂತೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಯೋಸ್ಟ್ ಆ ರಾತ್ರಿಯ ಊಟದ ಪ್ರಾರ್ಥನೆಯನ್ನು ಸ್ವಲ್ಪ ಉದ್ದ ಮಾಡಿದರೆಂದು ಅಗಾತೆ ಹೇಳುತ್ತಾಳೆ. ಸೂಪು ಆರಿತ್ತು.

ಸಹಿ ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ. ಯೋಸ್ಟ್ ಇಗರ್ಜಿ ಕಟ್ಟೆಯ ಮೇಲೆ ಕೂತು ಕಂಬಗಳನ್ನು ನೋಡುತ್ತಿದ್ದಾರೆ. ಮೇಲಿನ ಕಟ್ಟಡದ ಪಟ್ಟಿಯ ಮೇಲಿಂದ ನದಿ ಸಣ್ಣಗೆ, ಬೆಳ್ಳಿ ಸರಿಗೆಯ ಹಾಗೆ ಕಾಣುತ್ತಿದೆ. ಮೊದಲಿನಷ್ಟು ಅಗಲವಿಲ್ಲ. ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ.

ಕ್ಲೆಮೆನ್ಸ್ ಬೆಟ್ಟ ಹತ್ತಿ ಬಂದು, ಏದುಸಿರು ಬಿಡುತ್ತ ಪಕ್ಕದಲ್ಲಿ ಕೂರುತ್ತಾರೆ.

"ಒಂದೇ ಪ್ರಶ್ನೆ ಕಣೋ ಎಲ್ರುದೂ," ಅನ್ನುತ್ತಾರೆ ಕ್ಲೆಮೆನ್ಸ್. "ಈಗ ನೆಟ್ಟಿರೋದು ಯೋಸ್ಟೇನಾ ಅಂತ. ಹೂಂ ಅಂದೆ. ಹಾಗಾದ್ರೆ ಸರಿ ಅಂದು ನೋಡಕ್ ಹೊರಟ್ರು."

ಯೋಸ್ಟ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಬೇಕಾದಷ್ಟು ಸಹಿ ಉಳಿದಿವೆಯಾ ಎಂದು ಕೇಳುತ್ತಾರೆ. ಇನ್ನೂ ಎಣಿಸಿಲ್ಲ, ಒಂದು ಮನೆ ಬಾಕಿ ಇದೆ ಎನ್ನುತ್ತಾರೆ ಕ್ಲೆಮೆನ್ಸ್.

"ಯಾರ್ದು?"

ಕ್ಲೆಮೆನ್ಸ್ ಕೋಟಿನೊಳಗಿಂದ ಮಡಿಸಿದ ಹಾಳೆ ತೆಗೆದು ಬಿಡಿಸುತ್ತಾರೆ. ನಡುವಿನಲ್ಲಿ ಯೋಸ್ಟ್ ಅವರದೇ ದಪ್ಪಕ್ಷರದ ಹೆಸರು.

"ನೀನೂ ಎತ್ತರದ ಕಂಬ ನೋಡೇ ಹಾಕಿದ್ದಲ್ವಾ. ಈ ಹೆಸ್ರು ನಿಂದು. ವಾಪಸ್ ಕೊಡ್ತಿದೀನಿ, ಏನ್ ಮಾಡ್ತೀಯೋ ಮಾಡು."

ಹಾಳೆಯನ್ನೂ ಪೆನ್ನನ್ನೂ ಗೆಳೆಯನ ತೊಡೆಯ ಮೇಲಿಟ್ಟು, ಕ್ಲೆಮೆನ್ಸ್ ಮುಖವನ್ನು ಅತ್ತ, ನದಿಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ.