ಬೇವಿನ ನೆರಳಿನ ಹಾಸು

ನಾವು ಪರಕಾರದ ಲಂಗ ಉಟ್ಟು, ಪಾಟಿಚೀಲ ಹೊತ್ತು ಸಾಲಿಗೆ ಓಡುತ್ತಿದ್ದ ಕಾಲದಲ್ಲಿ, ಗಜೇಂದ್ರಗಡದ ನಮ್ಮ ನೇಕಾರರ ಓಣಿಗೆ ಬೆಳಗಾಗುತ್ತಿದ್ದುದೇ ಗಂಜಿಯ ಹುಳಿವಾಸನೆಯಿಂದ. ಓಣಿಯುದ್ದಕ್ಕೂ ಏಳು ಬೇವಿನ ಮರ. ಅವುಗಳ ಕೆಳಗೆ ಅಜ್ಜ ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಚಾಚಿ ಕಟ್ಟಿ ಗಂಜಿ ಹಚ್ಚುತ್ತಿದ್ದ. ನೆರಳಲ್ಲಿ ನಿಧಾನ ಒಣಗಿದರೆ ಎಳೆ ಗಟ್ಟಿ. ಬಿಸಿಲಿಗೆ ಸಿಕ್ಕರೆ ಸೆಟೆದು ಹರಿಯುತ್ತದೆ. ನಾವೋ ಬೇವಿನ ಹಣ್ಣು ಚೀಪುತ್ತ ಹಾಸಿನ ಕೆಳಗೇ ನುಸುಳಿ ಮುಟ್ಟಾಟ ಆಡುವವರು.

"ಒಂದ್ ಎಳಿ ಹರೀರಿ, ನಿಮ್ಮ ಜಡಿ ಬಿಚ್ಚಿ ಹಾಸ್ ಕಟ್ತೀನಿ!" ಎಂದು ಅಜ್ಜ ಬೆದರಿಸುತ್ತಿದ್ದ.

ಆ ವರ್ಷ ಸಾಲಿಯಲ್ಲಿ ಸಸಿ ನೆಡುವ ಹಬ್ಬ. ಅದಕ್ಕೊಂದು ಚರ್ಚೆ: ಊರಿಗೆ ಗಿಡ ಬೇಕೋ, ಅಗಲ ರಸ್ತೆ ಬೇಕೋ? ಚೀಟಿ ಎತ್ತಿದಾಗ ಗೆಳತಿ ಶಾಂತಾಗೆ ಗಿಡ ಬಂತು, ನನಗೆ ರಸ್ತೆ. ಯಾವುದಾದರೇನು, ನನಗೆ ಗೆಲ್ಲಬೇಕಿತ್ತು.

"ಜಗತ್ತಿನ ಗಾಳಿ ಎಲ್ಲಾ ಒಂದ ಐತ್ರಿ. ಇಲ್ಲೆ ಗಿಡ ಕಡದ್ರ ದೂರದ ಊರಿಗೂ ಅದರ ಬಾಧಿ ಮುಟ್ಟತೈತಿ," ಎಂದಳು ಶಾಂತಾ, ಮಾಸ್ತರರು ಹೇಳಿಕೊಟ್ಟಂತೆ.

ನಾನು ಎದ್ದೆ. "ಹಂಗಾರ ಆ ನರೇಗಲ್ಲ ಊರಿನ ಮೋಡ ನಮ್ಮ ಬೇವಿನ ಗಿಡದ ಪರವಾನಗಿ ತಗೊಂಡ ಮಳಿ ಸುರಸ್ತೈತೇನ್ರಿ? ಬ್ಯಾನಿ ತಿನ್ನೋ ಬಸರಿ ಚಕ್ಕಡ್ಯಾಗ ದವಾಖಾನಿಗೆ ಹೋಗಬೇಕು. ರಸ್ತೆ ಅಗಲ ಆಗಿ ಮೋಟಾರು ಬರೂದು ಬ್ಯಾಡಂದ್ರ ಗಿಡ ಆಕೀನ್ನ ಹೊತ್ಕೊಂಡ್ ಹೋಗ್ತೈತೇನು?"

ಸಭೆ ಬಿದ್ದು ಬಿದ್ದು ನಕ್ಕಿತು. ಬಹುಮಾನದ ಪೆನ್ನು ನನ್ನದಾಯಿತು. ಮುಂದೆ ಕೂತಿದ್ದ ಊರ ಹಿರಿಯರೊಬ್ಬರು, "ಸಣ್ಣ ಹುಡಿಗಿಗೆ ತಿಳೀತು, ನಮಗ ತಿಳೀಲಿಲ್ಲ," ಎಂದರು. ನಾನು ಉಬ್ಬಿಹೋದೆ.

ದಸರೆಯೊಳಗೆ, ರಸ್ತೆ ಅಗಲ ಮಾಡಲೆಂದು, ಓಣಿಗೆ ಕೊಡಲಿ ಬಂತು. ಅಜ್ಜ ಮರಕ್ಕೆ ಅಡ್ಡ ನಿಂತ. ಅದೇ ಹಿರಿಯರು ನಕ್ಕರು: "ನಿನ್ನ ಮೊಮ್ಮಗಳ ಹೇಳ್ಯಾಳಲ್ಲೋ ಮಾರಾಯಾ!"

ಅಜ್ಜ ಸರಿದು ನಿಂತ.

ಬಯಲಾದ ಓಣಿಯಲ್ಲಿ ಮೊದಲ ಹಾಸನ್ನು ಅವನು ನಸುಕಿನಲ್ಲೇ ಕಟ್ಟಿದ. ಗಂಜಿ ಹಚ್ಚಿ ಮುಗಿಯುವ ಮೊದಲೇ ಬಿಸಿಲೇರಿತು. ಎಳೆಗಳು ಒಂದೊಂದಾಗಿ ಹರಿಯತೊಡಗಿದವು. ಗಂಟು ಹಾಕಲು ನಾನೂ ಪಕ್ಕದಲ್ಲಿ ಕೂತೆ.

"ಯಜ್ಜಾ, ನನಗ ಚೀಟಿ ಹಂಗ ಬಂದಿತ್ತು. ಶಾಂತಾನ ಚೀಟಿ ಬಂದಿದ್ರ ಗಿಡದ ಪರವಾಗಿ ಇನ್ನೂ ಚಲೋ ಮಾತಾಡ್ತಿದ್ದೆ."

"ಖರೇ ಯವ್ವಾ, ಮಾತಾಡ್ತಿದ್ದಿ." ಅವನು ಎಳೆಯಿಂದ ಕಣ್ಣೆತ್ತಲಿಲ್ಲ. "ನೀ ಯಾವ ನೆರಳಾಗ ಆಡ್ತಿ ಅನ್ನೂದು ಚೀಟಿಗೆ ಗೊತ್ತಿರ್ಲಿಲ್ಲ. ನಿನಗ ಗೊತ್ತಿತ್ತು."

ಈಗಲೂ ವಾದದಲ್ಲಿ ನನ್ನನ್ನು ಸೋಲಿಸುವುದು ಕಷ್ಟ. ನಾನು ಅಂದು ಸೋತಿದ್ದರೂ ಮರಗಳು ಉರುಳುತ್ತಿದ್ದವು ಎಂದು ನನ್ನೊಂದಿಗೇ ವಾದಿಸುತ್ತೇನೆ. ಇದ್ದೀತು. ಬಸುರಿಯರಿಗೆ ಮೋಟಾರು ಬೇಕಿತ್ತು ಎಂಬುದೂ ಸುಳ್ಳಲ್ಲ. ಆದರೆ ಒಂದು ಮರದ ಸಾವು ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಶಾಂತಾಳನ್ನು ನಗೆಗೀಡು ಮಾಡಿದವಳು ನಾನು; ಅದು ಮೊದಲು ಮುಟ್ಟಿದ್ದು ನನ್ನ ಮನೆಯನ್ನೇ.

ಆ ಹಬ್ಬದಲ್ಲಿ ಶಾಂತಾ ನೆಟ್ಟ ಬೇವು ಸಾಲಿಯ ಅಂಗಳದಲ್ಲಿ ಬೆಳೆಯುತ್ತಿದೆ. ಊರಿಗೆ ಹೋದಾಗಲೆಲ್ಲ ಅದರ ನೆರಳನ್ನು ಹೆಜ್ಜೆಯಿಂದ ಅಳೆಯುತ್ತೇನೆ. ಅದರಲ್ಲಿ ಒಂದು ಸೀರೆಯ ಹಾಸು ಇನ್ನೂ ಹಿಡಿಸುವುದಿಲ್ಲ. ಹಿಡಿಸುವ ದಿನ ಬಂದರೂ, ಗಂಜಿ ಹಚ್ಚಲು ಅಜ್ಜ ಇಲ್ಲ.