ಮೇಸ್ತ್ರಿ ಸಮ ಮಾಡಿದ ನೆಲ

ಆ ಹಳೆಯ ಬಿಯರ್ ಕಾರ್ಖಾನೆಯಲ್ಲಿ ಗೋಡೆ ಬಿರಿದರೂ ಕಮಾನು ಸಡಿಲವಾದರೂ ಕರೆ ಹೋಗುತ್ತಿದ್ದುದು ಗಾರೆ ಮೇಸ್ತ್ರಿಗೆ. ಕಾರ್ಖಾನೆ ಮುಚ್ಚಿ ಸಂಬಳ ನಿಂತ ಮೇಲೂ ಅವನು ಅಲ್ಲಿಗೆ ಹೋಗಿಬರುವುದು ನಿಲ್ಲಲಿಲ್ಲ. “ಇವರಿಗೆ ನನಗಿಂತ ಆ ಇಟ್ಟಿಗೆಗಳೇ ಹೆಚ್ಚು” ಎಂದು ಹೆಂಡತಿ ಬಂದವರ ಮುಂದೆಲ್ಲ ಮೂದಲಿಸುತ್ತಿದ್ದಳು. ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕಟ್ಟಡ ಕೆಡವಿ ಮಳಿಗೆ ಕಟ್ಟುತ್ತಾರೆಂಬ ಸುದ್ದಿ ಕೇಳಿದಾಗ ಮಾತ್ರ ಅವನು ಕಾರ್ಖಾನೆಯ ಕಾವಲುಗಾರನ ಬಳಿಗೆ ಓಡಿದ. ಪಾರಂಪರಿಕ ಕಟ್ಟಡವೆಂದು ಸರ್ಕಾರ ಒಪ್ಪಿದರೆ ಉಳಿದೀತು, ನೋಡಲು ಒಬ್ಬ ಅಧಿಕಾರಿಣಿ ಬರುತ್ತಾರೆ ಎಂದು ಕಾವಲುಗಾರ ತಿಳಿಸಿದ. ಪಾಪ, ಮೇಸ್ತ್ರಿಗೆ ಗೊತ್ತಿದ್ದುದು ಒಂದೇ: ದೊಡ್ಡವರು ಬರುವಾಗ ಕಟ್ಟಡ ಲಕ್ಷಣವಾಗಿರಬೇಕು.

ಜೇಡರ ಬಲೆ ತೆಗೆದ, ಕಿಟಕಿ ಒರೆಸಿದ. ಆದರೆ ಬಾರ್ಲಿ ಮೊಳಕೆ ಬರಿಸುತ್ತಿದ್ದ ಉದ್ದನೆಯ ಕೋಣೆಯ ನೆಲ ಅವನ ಕಣ್ಣು ಚುಚ್ಚುತ್ತಿತ್ತು. ಅಲ್ಲಿ ನೆನೆದ ಕಾಳನ್ನು ಹರಡಿ, ಮೊಳಕೆಗಳು ಹೆಣೆದುಕೊಳ್ಳದಂತೆ ಮರದ ಸಲಿಕೆಯಿಂದ ಮಗುಚುತ್ತಿದ್ದರು. ಕಾಳು ಜಜ್ಜಿಹೋಗಬಾರದೆಂದು ಎಲ್ಲರೂ ಬರಿಗಾಲಲ್ಲಿ ನಡೆಯಬೇಕಿತ್ತು. ತಲೆಮಾರುಗಟ್ಟಲೆ ಜನ ಅದೇ ಜಾಡಿನಲ್ಲಿ ಓಡಾಡಿ ಕಲ್ಲುಚಪ್ಪಡಿ ಸವೆದು ಹಳ್ಳಬಿದ್ದಿತ್ತು. ಮೇಸ್ತ್ರಿ ಇರುವ ಜಾಗದಲ್ಲಿ ಹಳ್ಳಬಿದ್ದ ನೆಲವೇ? ಸಿಮೆಂಟು ಗಟ್ಟಿಯಾಗಿ ಹಿಡಿಯಲೆಂದು ಚಪ್ಪಡಿಗಳ ಮೈಯನ್ನೆಲ್ಲ ಉಳಿಯಿಂದ ಕೆತ್ತಿ ತರಿಯಾಗಿಸಿ, ಮೇಲೆ ಕನ್ನಡಿಯಂತೆ ನುಣುಪಾಗಿ ಗಾರೆ ಎಳೆದ. ಕೈಯಿಂದ ಖರ್ಚು ಹಾಕಿದ್ದನ್ನು ಹೆಂಡತಿಗೂ ಹೇಳಲಿಲ್ಲ.

ಅಧಿಕಾರಿಣಿ ಬಂದರು. ಕಮಾನುಗಳನ್ನೂ ಹೊಗೆಗೂಡನ್ನೂ ನೋಡಿ ತಲೆದೂಗಿದರು. ಉದ್ದನೆಯ ಕೋಣೆಗೆ ಕಾಲಿಟ್ಟವರು ಮಾತ್ರ ಅಲ್ಲೇ ನಿಂತುಬಿಟ್ಟರು. ಕಮಾನು ಎಲ್ಲ ಹಳೇ ಕಾರ್ಖಾನೆಗಳಲ್ಲೂ ಇವೆ, ಕಾಲಿಂದ ಸವೆದ ನೆಲ ಬೇರೆಲ್ಲೂ ಉಳಿದಿಲ್ಲ, ತಾವು ಬಂದದ್ದೇ ಅದಕ್ಕಾಗಿ ಎಂದು ಹೇಳಿ ಒಂದು ಹಳೆಯ ಫೋಟೋ ತೋರಿಸಿದರು. ಸಲಿಕೆ ಹಿಡಿದು ಸಾಲಾಗಿ ನಿಂತ ಬರಿಗಾಲಿನ ಆಳುಗಳಲ್ಲಿ ಮೇಸ್ತ್ರಿಯ ಅಪ್ಪನೂ ಇದ್ದ. ಅವನ ಕಾಲ ಕೆಳಗೆ ಆ ಹಳ್ಳ. ಮೇಸ್ತ್ರಿ ಫೋಟೋವನ್ನು ಕೈಗೆ ತೆಗೆದುಕೊಂಡ.

“ಮೇಲಿನ ಸಿಮೆಂಟು ತೆಗೆಸಿದ್ರೆ ಹಳೇ ನೆಲ ಹಾಗೇ ಇರುತ್ತಲ್ವಾ?” ಎಂದು ಅವರು ಆಸೆಯಿಂದ ಕೇಳಿದರು.

ಇರುತ್ತೆ ಎಂದುಬಿಟ್ಟರೆ ಕಟ್ಟಡ ಉಳಿಯುತ್ತಿತ್ತೇನೋ. ಆ ಮಾತು ನಾಲಿಗೆಯ ತುದಿಯವರೆಗೂ ಬಂತು. ಫೋಟೋ ಕೈಯಲ್ಲಿಟ್ಟುಕೊಂಡು ಸುಳ್ಳು ಹೇಳಲು ಅವನಿಂದಾಗಲಿಲ್ಲ.

“ಇಲ್ಲಮ್ಮ. ಎಲ್ಲಾ ಕೆತ್ತಿ ಹಾಕಿದೀನಿ. ಕಾಟಾಚಾರಕ್ಕೆ ಮಾಡಿದ್ರೆ ಉಳೀತಿತ್ತು. ಚೆನ್ನಾಗಿ ಮಾಡ್ಬಿಟ್ಟೆ.”

ಸರ್ಕಾರ ಒಪ್ಪಲಿಲ್ಲ. ಕಟ್ಟಡ ಕೆಡವುವಾಗ ಗೋಡೆಗಳೆಲ್ಲ ಸಲೀಸಾಗಿ ಬಿದ್ದವಂತೆ, ಆ ಒಂದು ನೆಲ ಒಡೆಯಲು ಮಾತ್ರ ಯಂತ್ರಕ್ಕೂ ಸಾಕುಸಾಕಾಯಿತಂತೆ. ಹೆಂಡತಿ ಅದನ್ನು ಹೆಮ್ಮೆಯಿಂದಲೇ ಬಂದು ಹೇಳಿದಳು. ಮೇಸ್ತ್ರಿ ಅವತ್ತು ಊಟಕ್ಕೆ ಏಳಲಿಲ್ಲ.